3060 12 ಜಿಬಿಯೋ, 4060 8 ಜಿಬಿಯೋ? ಸ್ಪೆಕ್ ಶೀಟ್ ಓದಿ ಮಂಡೆಬಿಸಿ ಆಗಿದೆ

ಚೌಕಿಮನೆ · ಕಲ್ಯಾಣಪುರ · ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಒಂದು ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳಬೇಕು. ಎರಡು ವಾರದಿಂದ ಯೋಚನೆ ಮಾಡ್ತಾ ಇದ್ದೇನೆ, ತೀರ್ಮಾನ ಆಗ್ತಾ ಇಲ್ಲ.

ಮೊದಲು ನನ್ನ ಕೆಲಸ ಹೇಳುತ್ತೇನೆ. ನಾನು ಯಕ್ಷಗಾನ ಆಟಗಳನ್ನು ಶೂಟ್ ಮಾಡುತ್ತೇನೆ. ಎರಡು ಕ್ಯಾಮೆರಾ, ಎರಡರಲ್ಲೂ 4ಕೆ. ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿವೆ. ಇನ್ನು ಮಳೆಗಾಲ ಪೂರ್ತಿ ಕೂತು ಎಡಿಟ್ ಮಾಡುವುದು. 11 ಆಟಗಳ ಫೂಟೇಜ್ ಹಾರ್ಡ್ ಡಿಸ್ಕಿನಲ್ಲಿ ಕಾಯ್ತಾ ಇದೆ. ಅದೇ ಸಿಸ್ಟಮ್‌ನಲ್ಲಿ ತಮ್ಮ ಗೇಮ್ ಆಡುತ್ತಾನೆ, ಮಾನಿಟರ್ 1080ಪಿ.

ಸಿಸ್ಟಮ್ ಹಳೆಯದು. ಐ5-10400, ಎಚ್410 ಬೋರ್ಡ್, 16 ಜಿಬಿ ರ‍್ಯಾಮ್, 450 ವ್ಯಾಟ್ ಪವರ್ ಸಪ್ಲೈ. ಈಗಿನ ಕಾರ್ಡು 1050 ಟಿಐ, 4 ಜಿಬಿ.

ಬಿಜೈಯಲ್ಲಿ ಪರಿಚಯದವರೊಬ್ಬರ ಹತ್ತಿರ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060 12 ಜಿಬಿ ಉಂಟು, ಸೆಕೆಂಡ್ ಹ್ಯಾಂಡ್. 16 ಸಾವಿರ ಹೇಳುತ್ತಿದ್ದಾರೆ. ಇಲ್ಲದಿದ್ದರೆ ಹೊಸ ಆರ್‌ಟಿಎಕ್ಸ್ 4060 8 ಜಿಬಿ, ಅದಕ್ಕೆ ಇನ್ನೂ 12-13 ಸಾವಿರ ಜಾಸ್ತಿ ಹಾಕಬೇಕು.

ನನಗೆ ಅರ್ಥ ಆಗದ್ದು ಇದು. 3060ರಲ್ಲಿ 3584 ಕುಡಾ ಕೋರ್ (ಲೆಕ್ಕ ಮಾಡುವ ಘಟಕ), 192 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ), ಸೆಕೆಂಡಿಗೆ 360 ಜಿಬಿ ಬ್ಯಾಂಡ್‌ವಿಡ್ತ್. 4060ರಲ್ಲಿ 3072 ಕೋರ್, 128 ಬಿಟ್, 272 ಜಿಬಿ. ಎಲ್ಲದರಲ್ಲೂ ಕಡಿಮೆ. ಆದರೆ ಟೆರಾಫ್ಲಾಪ್ಸ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಅನ್ನುವ ಅಳತೆ) ಮಾತ್ರ 4060ಕ್ಕೆ 15.1, 3060ಕ್ಕೆ 12.7. ಇದು ಹೇಗೆ? ಈ ನಂಬರನ್ನು ನಂಬಬಹುದಾ?

ಪಣಂಬೂರು ಪವರ್ · ರಾತ್ರಿ 9:14

4060 ತಗೊಳ್ಳಿ. ಹೊಸದು, ವಾರಂಟಿ ಉಂಟು, ಕರೆಂಟ್ ಕಡಿಮೆ ತಿನ್ನುತ್ತದೆ. ಇದರಲ್ಲಿ ಯೋಚನೆ ಮಾಡಲಿಕ್ಕೆ ಎಂತ ಇದೆ?

ಅಡಿಕೆಸೋಗೆ · ಕದ್ರಿ · ರಾತ್ರಿ 9:31

ಯೋಚನೆ ಮಾಡಲಿಕ್ಕೆ ತುಂಬಾ ಇದೆ ಪವರ್ ಅಣ್ಣ. ಅವರು ಕೇಳಿದ್ದು ಯಾವುದು ಹೊಸದು ಅಂತ ಅಲ್ಲ, ಲೆಕ್ಕ ಹೇಗೆ ಅಂತ.

ಚೌಕಿಮನೆಯವರೇ, ನಮ್ಮ ಮನೆ ಬೆಳ್ತಂಗಡಿ ಕಡೆ. ಅಂಗಳದಲ್ಲಿ ಅಡಿಕೆ ಸುಲಿಯಲು ಜನ ಕೂತದ್ದು ನೋಡಿರಬಹುದು. ಒಂದು ಅಂಗಳದಲ್ಲಿ 35 ಜನ, ಇನ್ನೊಂದರಲ್ಲಿ 30 ಜನ. ತಲೆ ಎಣಿಸಿದರೆ ಮೊದಲ ಅಂಗಳವೇ ದೊಡ್ಡದು. ಆದರೆ ಎರಡನೇ ಅಂಗಳದವರ ಕೈ ಬೇಗ ಓಡಿದರೆ? ಸಂಜೆಗೆ ಅವರ ರಾಶಿಯೇ ಎತ್ತರ.

ಕೋರ್ ಅಂದರೆ ತಲೆ ಲೆಕ್ಕ. ಕ್ಲಾಕ್ ಅಂದರೆ ಕೈಯ ವೇಗ. 3060ರ ಬೂಸ್ಟ್ ಕ್ಲಾಕ್ 1777 ಮೆಗಾಹರ್ಟ್ಸ್, 4060ರದ್ದು 2460. ಗುಣಿಸಿ ನೋಡಿ:

3584 × 2 × 1.777 = 12737 ಗಿಗಾಫ್ಲಾಪ್ಸ್, ಅಂದರೆ 12.7 ಟೆರಾ.
3072 × 2 × 2.46 = 15114, ಅಂದರೆ 15.1 ಟೆರಾ.

ಕ್ಲಾಕ್ ಇಷ್ಟು ಏರಿದ್ದು ಫ್ಯಾಕ್ಟರಿ ಬದಲಾದ್ದರಿಂದ. 3060ರ ಚಿಪ್ ಸ್ಯಾಮ್‌ಸಂಗ್‌ನ 8 ನ್ಯಾನೊಮೀಟರ್‌ನಲ್ಲಿ ಆದದ್ದು, 4060ರದ್ದು ತೈವಾನಿನ ಕಂಪನಿ ಟಿಎಸ್‌ಎಂಸಿಯ 4ಎನ್‌ನಲ್ಲಿ. ಸಣ್ಣ ಟ್ರಾನ್ಸಿಸ್ಟರ್, ಕಡಿಮೆ ಬಿಸಿ, ಜಾಸ್ತಿ ವೇಗ. ಅದಕ್ಕೇ 170 ವ್ಯಾಟ್ ಇದ್ದದ್ದು 115ಕ್ಕೆ ಇಳಿದಿದೆ.

ನೀರ್ದೋಸೆ · ರಾತ್ರಿ 9:36

ನಡುವೆ ಆ 2 ಎಲ್ಲಿಂದ ಬಂತು?

ಅಡಿಕೆಸೋಗೆ · ರಾತ್ರಿ 9:40

ಒಂದು ಗುಣಾಕಾರ, ಒಂದು ಕೂಡಿಸುವುದು. ಎರಡನ್ನೂ ಕೋರ್ ಒಂದೇ ಏಟಿಗೆ ಮಾಡುತ್ತದೆ, ಅದನ್ನು ಎರಡು ಲೆಕ್ಕ ಅಂತ ಎಣಿಸುತ್ತಾರೆ. ಫ್ಯೂಸ್ಡ್ ಮಲ್ಟಿಪ್ಲೈ ಆ್ಯಡ್ ಅಂತ ಹೆಸರು.

ಹಳೇಕಾರ್ಡು · ಹಂಪನಕಟ್ಟೆ · ರಾತ್ರಿ 9:58

ಲೆಕ್ಕ ಸರಿಯಾಗಿದೆ, ಆದರೆ ಅದನ್ನೇ ನಂಬಿ ದುಡ್ಡು ಹಾಕಬೇಡಿ. ನಾನು ಈ ಟೆರಾಫ್ಲಾಪ್ಸ್ ನಂಬಿ ಎರಡು ಸಲ ಕಾರ್ಡ್ ತೆಗೆದವನು.

2017ರಲ್ಲಿ ಎಎಂಡಿಯ ವೇಗಾ 64 ಬಂತು. ಕಾಗದದಲ್ಲಿ 12.7 ಟೆರಾಫ್ಲಾಪ್ಸ್. ಎನ್ವಿಡಿಯಾದ ಜಿಟಿಎಕ್ಸ್ 1080ಗೆ ಬರೀ 8.9. ಗೇಮ್ ಹಾಕಿ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ. ಆಯ್ತು, ಅವು ಬೇರೆ ಬೇರೆ ಕಂಪನಿ ಅಂದುಕೊಳ್ಳಿ. ಒಂದೇ ಕಂಪನಿಯ 2080 ಟಿಐ ಮತ್ತು 3070 ನೋಡಿ. ಒಂದಕ್ಕೆ 13.4, ಇನ್ನೊಂದಕ್ಕೆ 20.3. ಕಾಗದದಲ್ಲಿ ಒಂದೂವರೆ ಪಾಲು. ಗೇಮ್‌ನಲ್ಲಿ ಎರಡೂ ಅಕ್ಕಪಕ್ಕ ಓಡುತ್ತವೆ.

ಕಾರಣವೂ ಹೇಳುತ್ತೇನೆ. 3000 ಸರಣಿಯಲ್ಲಿ ಕೋರ್ ಎಣಿಸುವ ರೀತಿಯೇ ಬದಲಾಯಿತು. ಅರ್ಧ ಕೋರ್‌ಗಳು ದಶಾಂಶದ ಲೆಕ್ಕವನ್ನೂ ಮಾಡುತ್ತವೆ, ಪೂರ್ಣಾಂಕದ ಲೆಕ್ಕವನ್ನೂ ಮಾಡುತ್ತವೆ. ಒಂದು ಹೊತ್ತಿಗೆ ಒಂದು ಮಾತ್ರ. ಗೇಮ್‌ಗಳಲ್ಲಿ 100 ದಶಾಂಶದ ಲೆಕ್ಕಕ್ಕೆ ಸುಮಾರು 36 ಪೂರ್ಣಾಂಕದ ಲೆಕ್ಕ ಬರುತ್ತದೆ ಅಂತ 2018ರಲ್ಲಿ ಎನ್ವಿಡಿಯಾವೇ ಹೇಳಿತ್ತು. ಹಾಗಾಗಿ ಹೇಳಿದ ಟೆರಾಫ್ಲಾಪ್ಸ್ ಪೂರ್ತಿ ಯಾವತ್ತೂ ಕೈಗೆ ಸಿಗುವುದಿಲ್ಲ.

ಎಂಡ್ ಪಾಯಿಂಟ್ · ಮಣಿಪಾಲ · ರಾತ್ರಿ 10:07

ಹಳೇಕಾರ್ಡು ಸರ್, ಒಪ್ಪಿದೆ, ಆದರೆ ಇಲ್ಲಿ ಅದು ಅಷ್ಟು ಅನ್ವಯ ಆಗುವುದಿಲ್ಲ. 3060, 4060 ಎರಡರಲ್ಲೂ ಕೋರ್ ರಚನೆ ಒಂದೇ ರೀತಿ. ಅರ್ಧ ಕೋರ್ ಹಂಚಿಕೊಳ್ಳುವ ಕ್ರಮ ಎರಡರಲ್ಲೂ ಉಂಟು. ಹಾಗಾಗಿ ಹೋಲಿಕೆ ನ್ಯಾಯವಾಗಿಯೇ ಇದೆ. 15.1ನ್ನು 12.7ರಿಂದ ಭಾಗಿಸಿದರೆ 1.19. 1080ಪಿ ಗೇಮ್‌ಗಳಲ್ಲಿ ಸಿಗುವ ವ್ಯತ್ಯಾಸವೂ ಸುಮಾರು ಅಷ್ಟೇ, ಶೇಕಡಾ 15ರಿಂದ 20. ಫ್ರೇಮ್ ಜನರೇಶನ್ (ನಡುನಡುವೆ ಕಾರ್ಡೇ ಹೊಸ ಫ್ರೇಮ್ ಸೃಷ್ಟಿಸಿ ಸೇರಿಸುವುದು) ಹಾಕದೆ ಹೇಳುತ್ತಿದ್ದೇನೆ.

ಹಳೇಕಾರ್ಡು · ರಾತ್ರಿ 10:12

ಹೌದು, ಅದು ಸರಿ. ಎರಡರ ರಚನೆ ಒಂದೇ ಜಾಡಿನದ್ದು ಅನ್ನುವುದನ್ನು ನಾನು ಬಿಟ್ಟೆ. ಬೇರೆ ಕಂಪನಿಯ ಕಾರ್ಡ್ ಜೊತೆ ಹೋಲಿಸುವಾಗ ಮಾತ್ರ ಜಾಗ್ರತೆ. ಆರ್‌ಎಕ್ಸ್ 7600ಕ್ಕೆ 21.7 ಟೆರಾಫ್ಲಾಪ್ಸ್ ಬರೆದಿರುತ್ತದೆ. ಅದನ್ನು ನೋಡಿ 4060ಕ್ಕಿಂತ ತುಂಬಾ ಮೇಲೆ ಅಂದುಕೊಳ್ಳಬಾರದು.

ಚೌಕಿಮನೆ · ರಾತ್ರಿ 10:20

ಇಷ್ಟು ಚೆನ್ನಾಗಿ ಯಾರೂ ಬಿಡಿಸಿ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಹಾಗಾದರೆ ಬಸ್ಸು, ಬ್ಯಾಂಡ್‌ವಿಡ್ತ್ ಕಡಿಮೆ ಇದ್ದರೂ ತೊಂದರೆ ಇಲ್ಲವಾ?

ಅಡಿಕೆಸೋಗೆ · ರಾತ್ರಿ 10:34

ಅಂಗಳಕ್ಕೇ ಬರೋಣ. ಸುಲಿಯುವವರು ಎಷ್ಟೇ ಚುರುಕಾದರೂ ಎದುರಿಗೆ ಅಡಿಕೆ ಬಂದು ಬೀಳಬೇಕಲ್ಲ? ಗೋಣಿ ಹೊತ್ತು ತರುವವರ ಲೆಕ್ಕವೇ ಬ್ಯಾಂಡ್‌ವಿಡ್ತ್. 192 ಬಿಟ್ ಅಂದರೆ 24 ಬೈಟ್, ಒಂದೊಂದು ತಂತಿಯಲ್ಲಿ ಸೆಕೆಂಡಿಗೆ 15 ಗಿಗಾಬಿಟ್. 24 × 15 = 360. 4060ರಲ್ಲಿ 16 ಬೈಟ್ × 17 = 272.

ಈ ಕೊರತೆ ತುಂಬಲು 4060ರಲ್ಲಿ ಎಲ್2 ಕ್ಯಾಶ್ ದೊಡ್ಡದು ಮಾಡಿದ್ದಾರೆ. 3060ರಲ್ಲಿ 3 ಎಂಬಿ, 4060ರಲ್ಲಿ 24 ಎಂಬಿ. ಕೂತವರ ಪಕ್ಕದಲ್ಲೇ ದೊಡ್ಡ ಬುಟ್ಟಿ ಇಟ್ಟ ಹಾಗೆ. ಪದೇ ಪದೇ ಬೇಕಾಗುವುದು ಬುಟ್ಟಿಯಲ್ಲೇ ಸಿಕ್ಕಿದರೆ ಗೋಣಿ ತರುವವರಿಗೆ ಓಡಾಟ ಕಡಿಮೆ. 1080ಪಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. 4ಕೆಗೆ ಹೋದ ಹಾಗೆ ಬುಟ್ಟಿ ಸಾಲುವುದಿಲ್ಲ.

ಸುರತ್ಕಲ್ ಹಾಸ್ಟೆಲ್ · ರಾತ್ರಿ 11:02

ಇಲ್ಲಿ ಒಂದು ಮುಖ್ಯ ಮಾತು ಸೇರಿಸಬೇಕು. ಟೆರಾಫ್ಲಾಪ್ಸ್ ಒಂದು ಮಿತಿ, ಬ್ಯಾಂಡ್‌ವಿಡ್ತ್ ಇನ್ನೊಂದು ಮಿತಿ. ನಿಮ್ಮ ಕೆಲಸ ಯಾವ ಮಿತಿಗೆ ಮೊದಲು ಹೋಗಿ ತಾಗುತ್ತದೆ ಅನ್ನುವುದೇ ಪ್ರಶ್ನೆ.

12.7 ಟೆರಾವನ್ನು 360 ಜಿಬಿಯಿಂದ ಭಾಗಿಸಿ. 35 ಬರುತ್ತದೆ. ಅಂದರೆ ಮೆಮೊರಿಯಿಂದ ತಂದ ಒಂದೊಂದು ಬೈಟಿಗೂ 35 ಲೆಕ್ಕ ಇದ್ದರೆ ಮಾತ್ರ 3060ರ ಕೋರ್‌ಗಳಿಗೆ ಪೂರ್ತಿ ಕೆಲಸ. 4060ರಲ್ಲಿ ಅದೇ 55. ಬೈಟಿಗೆ 55ಕ್ಕಿಂತ ಕಡಿಮೆ ಲೆಕ್ಕದ ಕೆಲಸ ಕೊಟ್ಟರೆ, ಕ್ಯಾಶ್ ಸಹಾಯಕ್ಕೆ ಬಾರದಿದ್ದರೆ, ಅದರ ಕೋರ್‌ಗಳು ಕಾಯುತ್ತಾ ಕೂರುತ್ತವೆ.

ನನ್ನದೇ ಉದಾಹರಣೆ ಕೊಡುತ್ತೇನೆ. ನಾನು ರೂಮಿನಲ್ಲಿ ಭಾಷಾ ಮಾದರಿಗಳನ್ನು (ಚಾಟ್‌ಬಾಟ್ ಹಿಂದಿನ ಎಐ) ಓಡಿಸುತ್ತೇನೆ. 700 ಕೋಟಿ ಪ್ಯಾರಾಮೀಟರ್‌ನ ಮಾದರಿಯನ್ನು 4 ಬಿಟ್‌ಗೆ ಇಳಿಸಿದರೆ ಸುಮಾರು 4 ಜಿಬಿ. ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಬರೆಯಲೂ ಆ 4 ಜಿಬಿಯನ್ನು ಪೂರ್ತಿ ಓದಬೇಕು. 24 ಎಂಬಿ ಬುಟ್ಟಿ ಅಲ್ಲಿ ಏನೂ ಅಲ್ಲ. ಹಾಗಾದರೆ ಸೆಕೆಂಡಿಗೆ ಗರಿಷ್ಠ ಎಷ್ಟು? 3060ರಲ್ಲಿ 360ನ್ನು 4ರಿಂದ ಭಾಗಿಸಿ, 90 ಟೋಕನ್. 4060ರಲ್ಲಿ 68. ಇಲ್ಲಿ ಹಳೆಯ ಕಾರ್ಡೇ ಮುಂದೆ. ನಿಜವಾಗಿ ಇದಕ್ಕಿಂತ ಕಡಿಮೆಯೇ ಸಿಗುತ್ತದೆ, ಆದರೆ ಯಾವುದು ಮುಂದೆ ಅನ್ನುವುದು ಬದಲಾಗುವುದಿಲ್ಲ.

ಪಣಂಬೂರು ಪವರ್ · ರಾತ್ರಿ 11:08

ಅವರು ಎಡಿಟಿಂಗ್ ಕೇಳಿದ್ದು, ನೀವು ಎಐಗೆ ಹೋದಿರಿ. ತಮ್ಮ ಗೇಮ್ ಆಡುತ್ತಾನೆ ಅಂತ ಬರೆದಿದ್ದಾರೆ. ಫ್ರೇಮ್ ಜನರೇಶನ್ 3060ರಲ್ಲಿ ಎನ್ವಿಡಿಯಾ ಕೊಡುವುದಿಲ್ಲ, 4060ರಲ್ಲಿ ಉಂಟು. ರೇ ಟ್ರೇಸಿಂಗ್ (ಬೆಳಕು, ನೆರಳು ನಿಜದಂತೆ ತೋರಿಸುವ) ಕೋರ್ ಕೂಡ ಹೊಸ ತಲೆಮಾರಿನದ್ದು. ಇದನ್ನು ಯಾಕೆ ಯಾರೂ ಹೇಳುವುದಿಲ್ಲ?

ಸುರತ್ಕಲ್ ಹಾಸ್ಟೆಲ್ · ರಾತ್ರಿ 11:11

ಹೇಳಿ, ಬೇಡ ಅನ್ನಲಿಲ್ಲ. ಗೇಮ್ ಮಾತ್ರ ಆಗಿದ್ದರೆ ನನ್ನ ಮತವೂ 4060ಕ್ಕೇ.

ಮದುವೆ ಕ್ಯಾಮೆರಾ · ಕಿನ್ನಿಗೋಳಿ · ರಾತ್ರಿ 11:40

ಈಗಷ್ಟೇ ಒಂದು ರೋಸ್ (ಕ್ರೈಸ್ತರ ಮದುವೆಯ ಮುಂಚಿನ ಶಾಸ್ತ್ರ) ಕಾರ್ಯಕ್ರಮ ಮುಗಿಸಿ ಬಂದೆ. ಎಡಿಟಿಂಗ್ ಮಾಡುವವನಾಗಿ ಹೇಳುತ್ತೇನೆ, ದಯವಿಟ್ಟು ಕೇಳಿ.

ನನ್ನ ಹತ್ತಿರ 8 ಜಿಬಿ ಕಾರ್ಡ್ ಇತ್ತು. ಹಗಲಿನ ಶೂಟಿಂಗಿಗೆ ಏನೂ ತೊಂದರೆ ಇರಲಿಲ್ಲ. ಕಳೆದ ವರ್ಷ ಒಬ್ಬರ ಮನೆಯ ಹರಕೆ ಆಟ ಶೂಟ್ ಮಾಡಿದೆ. ರಾತ್ರಿ ಎರಡು ಗಂಟೆಗೆ ಬಣ್ಣದ ವೇಷದ ಪ್ರವೇಶ. ದೊಂದಿ ಬೆಳಕು, ರಾಳದ ಪುಡಿ ಎರಚಿ ಬೆಂಕಿ, ಹಿಂದೆ ಪೂರ್ತಿ ಕತ್ತಲೆ. ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಮಟ್ಟ) ಏರಿಸಲೇಬೇಕಾಯಿತು. ಮನೆಗೆ ಬಂದು ನೋಡಿದರೆ ಕತ್ತಲಿನಲ್ಲೆಲ್ಲಾ ಇರುವೆ ಹರಿದ ಹಾಗೆ ನಾಯ್ಸ್. ನಾಯ್ಸ್ ರಿಡಕ್ಷನ್ ಹಾಕಿದೆ, ಅದರ ಮೇಲೆ ಕಲರ್ ಗ್ರೇಡಿಂಗ್. ರೆಂಡರ್ ಕೊಟ್ಟು ಚಾ ಕುಡಿಯಲು ಹೋದೆ. ಬಂದು ನೋಡಿದರೆ 7ನೇ ನಿಮಿಷಕ್ಕೆ ನಿಂತಿದೆ. ಜಿಪಿಯು ಮೆಮೊರಿ ತುಂಬಿದೆ ಅಂತ ಪರದೆಯಲ್ಲಿ ಮೆಸೇಜ್. ಮೂರು ಸಲ ಹಾಗೇ ಆಯಿತು. ಕೊನೆಗೆ 1080ಪಿಗೆ ಇಳಿಸಿ ಕೊಟ್ಟೆ. ಆ ಮನೆಯವರಿಗೆ ನಾನು 4ಕೆ ಅಂತ ಮಾತು ಕೊಟ್ಟಿದ್ದೆ. ಈಗಲೂ ಬೇಜಾರಾಗುತ್ತದೆ.

ನಿಮ್ಮ ಕೆಲಸ ಪೂರ್ತಿ ರಾತ್ರಿಯದ್ದೇ. 12 ಜಿಬಿ ಬಿಡಬೇಡಿ.

ಎಂಡ್ ಪಾಯಿಂಟ್ · ರಾತ್ರಿ 11:52

ಇವರು ಹೇಳಿದ್ದರ ಹಿಂದಿನ ಲೆಕ್ಕ ಹಾಕಿ ತೋರಿಸುತ್ತೇನೆ. 4ಕೆ ಫ್ರೇಮ್ ಅಂದರೆ 3840 × 2160, ಸುಮಾರು 83 ಲಕ್ಷ ಪಿಕ್ಸೆಲ್. 32 ಬಿಟ್ ಫ್ಲೋಟ್‌ನಲ್ಲಿ ಲೆಕ್ಕ ಮಾಡುವ ಸಾಫ್ಟ್‌ವೇರ್ ಆದರೆ ಪಿಕ್ಸೆಲ್‌ಗೆ 4 ಚಾನೆಲ್, ಚಾನೆಲ್‌ಗೆ 4 ಬೈಟ್, ಒಟ್ಟು 16 ಬೈಟ್. ಒಂದೇ ಫ್ರೇಮಿಗೆ 133 ಎಂಬಿ. ನಾಯ್ಸ್ ತೆಗೆಯುವಾಗ ಹಿಂದಿನ ಐದು, ಮುಂದಿನ ಐದು ಫ್ರೇಮ್ ನೋಡುವ ಹಾಗಿದ್ದರೆ 11 ಫ್ರೇಮ್, ಅಲ್ಲೇ ಸುಮಾರು 1.5 ಜಿಬಿ. ಅದರ ಮೇಲೆ ಒಂದೊಂದು ಹಂತಕ್ಕೂ ಮಧ್ಯದ ನಕಲುಗಳು. ಎರಡು ಕ್ಯಾಮೆರಾ ಒಟ್ಟಿಗೆ ಇಟ್ಟರೆ ದುಪ್ಪಟ್ಟು. ವಿಂಡೋಸ್, ಬ್ರೌಸರ್ ಸ್ವಲ್ಪ ತಿನ್ನುತ್ತವೆ. 8 ಜಿಬಿ ಯಾವಾಗ ಖಾಲಿಯಾಯಿತು ಅಂತ ಗೊತ್ತೇ ಆಗುವುದಿಲ್ಲ.

ಕುಂದಾಪ್ರದವ · ರಾತ್ರಿ 11:59

ಹೌದಲ್ದಾ! ಆದರೆ ಮೆಮೊರಿ ತುಂಬಿದರೆ ಸಿಸ್ಟಮ್ ರ‍್ಯಾಮ್ ತೆಗೆದುಕೊಳ್ಳುತ್ತದೆ ಅಂತ ಕೇಳಿದ್ದೆ. ಅದು ಸುಳ್ಳಾ?

ಎಂಡ್ ಪಾಯಿಂಟ್ · ರಾತ್ರಿ 12:10

ಸುಳ್ಳಲ್ಲ, ಆದರೆ ದಾರಿ ಕಿರಿದು. ಇಲ್ಲಿ ಚೌಕಿಮನೆಯವರ ಬೋರ್ಡ್ ಮುಖ್ಯ. ಎಚ್410, 10ನೇ ತಲೆಮಾರಿನ ಪ್ರೊಸೆಸರ್, ಅಂದರೆ ಪಿಸಿಐ ಎಕ್ಸ್‌ಪ್ರೆಸ್ 3.0 (ಕಾರ್ಡು, ಬೋರ್ಡ್ ನಡುವಿನ ಸಂಪರ್ಕದ ತಲೆಮಾರು) ಮಾತ್ರ. ಎರಡು ಕಾರ್ಡೂ 4.0ರವು, ಆದರೆ ಈ ಬೋರ್ಡಿನಲ್ಲಿ 3.0ರಲ್ಲೇ ಓಡುತ್ತವೆ. 3060ಕ್ಕೆ 16 ಲೇನ್ (ಮಾಹಿತಿ ಓಡಾಡುವ ಸಾಲು) ಇದೆ, ಸೆಕೆಂಡಿಗೆ ಸುಮಾರು 16 ಜಿಬಿ ಸಿಗುತ್ತದೆ. 4060ಕ್ಕೆ 8 ಲೇನ್ ಮಾತ್ರ, 8 ಜಿಬಿ. ಕಾರ್ಡಿನ ಒಳಗೆ 272ರಲ್ಲಿ ಓಡುವುದು ಹೊರಗಿನಿಂದ ತರುವಾಗ 34 ಪಾಲು ನಿಧಾನ.

ಪಣಂಬೂರು ಪವರ್ · ರಾತ್ರಿ 12:15

ನನ್ನ 4060 ಎದುರಿಗೇ ಉಂಟು. ಕನೆಕ್ಟರ್ ಪೂರ್ತಿ ಉದ್ದ ಇದೆ, 16ರ ಸ್ಲಾಟಿಗೇ ಕೂರುತ್ತದೆ. 8 ಲೇನ್ ಅಂತ ಎಲ್ಲಿ ನೋಡಿದಿರಿ?

ಎಂಡ್ ಪಾಯಿಂಟ್ · ರಾತ್ರಿ 12:19

ಉದ್ದ 16ರದ್ದೇ ಅಣ್ಣ, ಲೈನ್ ಕೊಟ್ಟದ್ದು ಅರ್ಧಕ್ಕೆ ಮಾತ್ರ. ಜಿಪಿಯು-ಜೆಡ್ (ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್) ತೆರೆದು ಬಸ್ ಇಂಟರ್‌ಫೇಸ್ ಅನ್ನುವ ಸಾಲು ನೋಡಿ.

ಪಣಂಬೂರು ಪವರ್ · ರಾತ್ರಿ 12:26

ನೋಡಿದೆ. 8 ಅಂತಲೇ ತೋರಿಸುತ್ತಿದೆ. ಒಂದೂವರೆ ವರ್ಷದಿಂದ ಬಳಸುತ್ತಿದ್ದೇನೆ, ಗೊತ್ತಿರಲಿಲ್ಲ. ಆದರೆ ಗೇಮ್‌ನಲ್ಲಿ ನನಗೆ ಯಾವ ತೊಂದರೆಯೂ ಆಗಿಲ್ಲ, ಅದನ್ನೂ ಹೇಳಬೇಕು.

ಎಂಡ್ ಪಾಯಿಂಟ್ · ರಾತ್ರಿ 12:30

ಆಗುವುದಿಲ್ಲ. ಎಲ್ಲ 8 ಜಿಬಿ ಒಳಗೆ ಹಿಡಿದರೆ ವ್ಯತ್ಯಾಸ ತುಂಬಾ ಸಣ್ಣದು. ಮೆಮೊರಿ ತುಂಬಿ ಹೊರಗೆ ಹೋದಾಗಲೇ ಪೆಟ್ಟು.

ಮಲ್ಪೆಗಾಳಿ · ಬೆಳಿಗ್ಗೆ 6:48

ಎಲ್ಲರೂ ರಾತ್ರಿ ನಿದ್ದೆ ಬಿಟ್ಟು ಬರೆದಿದ್ದೀರಿ, ಖುಷಿಯಾಯಿತು. ಒಂದು ವಿಷಯ ಯಾರೂ ಕೇಳಲಿಲ್ಲ. ಬಿಜೈಯ ಆ ಕಾರ್ಡ್ ಮೊದಲು ಎಲ್ಲಿತ್ತು?

ನಮ್ಮ ಮನೆ ಸಮುದ್ರದ ಹತ್ತಿರ. ನನ್ನ ಹಳೆಯ ಕಾರ್ಡು ಮೂರು ಮಳೆಗಾಲ ಕಂಡಿತ್ತು. ಬಿಚ್ಚಿ ನೋಡಿದಾಗ ಎಚ್‌ಡಿಎಂಐ ಇರುವ ಕಡೆಯ ತಗಡಿನಲ್ಲಿ ಕೆಂಪು ತುಕ್ಕು ಪುಡಿ ಪುಡಿಯಾಗಿ ಉದುರುತ್ತಿತ್ತು. ಹೀಟ್‌ಸಿಂಕ್‌ನ ತಾಮ್ರದ ಕೊಳವೆಯ ತುದಿಯಲ್ಲಿ ಹಸಿರು ಕಿಲುಬು, ಹಿತ್ತಾಳೆ ದೀಪಕ್ಕೆ ಬರುತ್ತದಲ್ಲ, ಅದೇ ಬಣ್ಣ. ಸ್ಕ್ರೂ ತಿರುಗಿಸಿದರೆ ತಲೆಯೇ ಸವೆದು ಹೋಯಿತು. ಫ್ಯಾನಿನ ನಡುವೆ ಧೂಳು ಉಪ್ಪುನೀರು ಕುಡಿದು ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಸ್ಪೆಕ್ ಶೀಟ್‌ನಲ್ಲಿ 1777 ಅಂತ ಬರೆದಿರಬಹುದು, ಬಿಸಿ ಹೋಗದಿದ್ದರೆ ಆ ಕ್ಲಾಕ್ ನಿಲ್ಲುವುದಿಲ್ಲ.

ಟಾರ್ಚ್ ಹಿಡಿದು ಸಂದಿಗಳನ್ನೆಲ್ಲ ನೋಡಿ ತಗೊಳ್ಳಿ.

ಹಳೇಕಾರ್ಡು · ಬೆಳಿಗ್ಗೆ 8:15

ಮೈನಿಂಗ್‌ಗೆ (ಕಾರ್ಡಿನಿಂದ ಲೆಕ್ಕ ಮಾಡಿಸಿ ಕ್ರಿಪ್ಟೋ ಹಣ ಗಳಿಸುವುದು) ಬಳಸಿದ್ದಾ ಅಂತಲೂ ಕೇಳಿ. 3060 ಬಂದದ್ದು 2021ರ ಫೆಬ್ರವರಿ, ಇಥೀರಿಯಮ್ ಮೈನಿಂಗ್ ಜೋರಾಗಿದ್ದ ಸಮಯ. ಅದಕ್ಕೆ ಅಂತಲೇ ಇದರಲ್ಲಿ ಮೈನಿಂಗ್ ವೇಗಕ್ಕೆ ತಡೆ ಹಾಕಿದ್ದರು, ಮುಂದಿನ ತಿಂಗಳೇ ಒಂದು ಬೀಟಾ ಡ್ರೈವರ್‌ನಿಂದ ಅದು ಕಳಚಿತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಕಾರ್ಡ್ ಬೇಡದ ಕ್ರಮಕ್ಕೆ ಬದಲಾದ ಮೇಲೆ ಅಂಥ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಂದವು. ಮೈನಿಂಗ್ ಮಾಡಿದ ಮಾತ್ರಕ್ಕೆ ಕೆಟ್ಟದ್ದು ಅಂತ ಅಲ್ಲ. ಆದರೆ ಫ್ಯಾನ್, ಥರ್ಮಲ್ ಪ್ಯಾಡ್ ಸವೆದಿರುತ್ತವೆ, ಬೆಲೆ ಹಾಗೆ ಮಾತಾಡಬೇಕು.

ನೀರ್ದೋಸೆ · ಬೆಳಿಗ್ಗೆ 8:40

ಇನ್ನೊಂದು. 3060 ಹೆಸರಿನಲ್ಲೇ 8 ಜಿಬಿಯದ್ದೂ ಉಂಟು, 2022ರ ಕೊನೆಗೆ ಬಂದದ್ದು. ಕೋರ್ ಅಷ್ಟೇ 3584, ಆದರೆ ಬಸ್ 128 ಬಿಟ್, ಬ್ಯಾಂಡ್‌ವಿಡ್ತ್ 240. ನನ್ನ ಭಾವ ಒಂದು ಅಂಗಡಿಯಲ್ಲಿ ಕೇಳಿದಾಗ ಎರಡೂ ಒಂದೇ ಅಂದರಂತೆ. ಬಿಲ್ಲಿನಲ್ಲಿ ಬರೀ 3060 ಅಂತ ಬರೆದು ಕೊಟ್ಟರು. ಮನೆಗೆ ಬಂದು ನೋಡಿದರೆ 8. ವಾಪಸ್ ತೆಗೆದುಕೊಳ್ಳಲಿಲ್ಲ. ಪಾಪ, ಮಗನ ಓದಿಗೆ ಅಂತ ತೆಗೆದದ್ದು.

ಚೌಕಿಮನೆ · ಬೆಳಿಗ್ಗೆ 9:05

ಅಯ್ಯೋ, ಇದು ಗೊತ್ತೇ ಇರಲಿಲ್ಲ. ನಾಡಿದ್ದು ಆದಿತ್ಯವಾರ ಬಿಜೈಗೆ ಹೋಗಿ ನೋಡುತ್ತೇನೆ. ಏನೇನು ನೋಡಬೇಕು ಹೇಳಿ.

ಎಂಡ್ ಪಾಯಿಂಟ್ · ಬೆಳಿಗ್ಗೆ 9:30

ಜಿಪಿಯು-ಜೆಡ್ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಬಸ್ ವಿಡ್ತ್ 192, ಮೆಮೊರಿ 12288 ಎಂಬಿ, ಬ್ಯಾಂಡ್‌ವಿಡ್ತ್ 360 ಅಂತ ಬರಬೇಕು. ಸುಮ್ನೆ ಇರುವಾಗ ಬಸ್ ಇಂಟರ್‌ಫೇಸ್ 1.1 ಅಂತ ತೋರಿಸುತ್ತದೆ, ಗಾಬರಿ ಬೇಡ. ಪಕ್ಕದ ಪ್ರಶ್ನೆಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಕೊಟ್ಟರೆ ಏರುತ್ತದೆ. ಮತ್ತೆ 20 ನಿಮಿಷ ಲೋಡ್ ಹಾಕಿ ಬಿಸಿ ಎಲ್ಲಿ ನಿಲ್ಲುತ್ತದೆ, ಕ್ಲಾಕ್ ಬೀಳುತ್ತದಾ ನೋಡಿ. ಫ್ಯಾನ್ ಸದ್ದು ಕಿವಿಕೊಟ್ಟು ಕೇಳಿ.

ಎಲ್ಲಕ್ಕಿಂತ ಮುಖ್ಯ, ನಿಮ್ಮದೇ ಒಂದು ಕ್ಲಿಪ್ ಒಯ್ಯಿರಿ. ಅತಿ ಕತ್ತಲಿನದ್ದು.

ಮದುವೆ ಕ್ಯಾಮೆರಾ · ಬೆಳಿಗ್ಗೆ 9:44

ಕ್ಯಾಮೆರಾ ಯಾವ ಫಾರ್ಮ್ಯಾಟ್‌ನಲ್ಲಿ ರೆಕಾರ್ಡ್ ಮಾಡುತ್ತದೆ? 10 ಬಿಟ್ 4:2:2 (ಬಣ್ಣದ ವಿವರ ಜಾಸ್ತಿ ಇರುವ ಕ್ರಮ) ಆದರೆ ಈ ಎರಡು ಕಾರ್ಡುಗಳೂ ಅದನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸುವುದಿಲ್ಲ. ನಿಮ್ಮ 10400 ಪ್ರೊಸೆಸರ್ ಕೂಡ ಇಲ್ಲ. ಟೈಮ್‌ಲೈನ್ ತಡವರಿಸುತ್ತದೆ, ಪ್ರಾಕ್ಸಿ (ಎಡಿಟ್ ಮಾಡಲು ಹಗುರ ನಕಲು) ಮಾಡಿಕೊಳ್ಳಬೇಕು. ನಾನು ಇದನ್ನು ತಿಳಿಯದೆ ಕಾರ್ಡನ್ನು ಬೈದದ್ದು ಉಂಟು.

ಚೌಕಿಮನೆ · ಬೆಳಿಗ್ಗೆ 9:50

8 ಬಿಟ್ 4:2:0. ಹಾಗಾದರೆ ತೊಂದರೆ ಇಲ್ಲ ಅಲ್ವಾ?

ಮದುವೆ ಕ್ಯಾಮೆರಾ · ಬೆಳಿಗ್ಗೆ 9:53

ಇಲ್ಲ, ಎರಡೂ ಬಿಡಿಸುತ್ತವೆ. 4060ರ ಕಡೆಗೂ ಒಂದು ಮಾತು ಹೇಳಬೇಕು. ಅದು ಎವಿ1ನಲ್ಲಿ (ಫೈಲ್ ಸಣ್ಣದಾಗಿಸುವ ಹೊಸ ವಿಡಿಯೊ ಫಾರ್ಮ್ಯಾಟ್) ಎನ್‌ಕೋಡ್ ಮಾಡುತ್ತದೆ, 3060 ಎವಿ1 ನೋಡಬಲ್ಲದು ಅಷ್ಟೇ, ಬರೆಯಲಾರದು. ಆರು ಗಂಟೆಯ ಆಟ ಯೂಟ್ಯೂಬ್‌ಗೆ ಏರಿಸುವಾಗ ಫೈಲ್ ಸಣ್ಣದಾದರೆ ಒಳ್ಳೆಯದೇ.

ಕುಂದಾಪ್ರದವ · ಬೆಳಿಗ್ಗೆ 10:20

ಇಂಟೆಲ್‌ನ ಬಿ580 ಯಾಕೆ ನೋಡಬಾರದು? ಅದೂ 12 ಜಿಬಿ, ಬ್ಯಾಂಡ್‌ವಿಡ್ತ್ 456. ಎವಿ1 ಕೂಡ ಉಂಟು. ಅಥವಾ ಹೊಸ 5060?

ಹಳೇಕಾರ್ಡು · ಬೆಳಿಗ್ಗೆ 10:31

ಬಿ580 ಕಾಗದದಲ್ಲಿ ಚಂದ. ಆದರೆ ಹಳೆಯ ಪ್ರೊಸೆಸರ್ ಜೊತೆ ಅದರ ಡ್ರೈವರ್ ತುಂಬಾ ಭಾರ, ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್‌ಗೆ ಒಟ್ಟಿಗೆ ತೆರೆದಿಡುವ ಸೌಲಭ್ಯ) ಬೇಕೇ ಬೇಕು, 190 ವ್ಯಾಟ್ ಬೇರೆ. ಎಚ್410ಕ್ಕೆ ನಾನು ಹೇಳುವುದಿಲ್ಲ. 5060ರಲ್ಲಿ ಜಿಡಿಡಿಆರ್7 (ಹೊಸ ತಲೆಮಾರಿನ ವೇಗದ ಮೆಮೊರಿ), ಬ್ಯಾಂಡ್‌ವಿಡ್ತ್ 448, 4:2:2 ಕೂಡ ಬಿಡಿಸುತ್ತದೆ. ಆದರೆ ಮೆಮೊರಿ ಮತ್ತೆ ಅದೇ 8, ಲೇನ್ ಮತ್ತೆ ಅದೇ 8. ಇವರ ಅಡಚಣೆಯೇ ಅಲ್ಲಿ.

ಪಣಂಬೂರು ಪವರ್ · ಬೆಳಿಗ್ಗೆ 11:00

ಪವರ್ ಸಪ್ಲೈ 450 ಅಂತ ಬರೆದಿದ್ದಾರೆ. ಎನ್ವಿಡಿಯಾ ಎರಡಕ್ಕೂ 550 ಹೇಳುತ್ತದೆ. 4060ರ 115 ವ್ಯಾಟ್ ಆದರೆ ಧೈರ್ಯ ಉಂಟು. ನಮ್ಮಲ್ಲಿ ಈ ಗಾಳಿಮಳೆಗೆ ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ರೆಂಡರ್ ನಡುವೆ ಹೋದರೆ? 600 ವಿಎ ಯುಪಿಎಸ್‌ಗೆ ಸುಮಾರು 360 ವ್ಯಾಟೇ ಮಿತಿ.

ಅಡಿಕೆಸೋಗೆ · ಬೆಳಿಗ್ಗೆ 11:18

ಪವರ್ ಅಣ್ಣ ಹೇಳಿದ್ದು ಸರಿ, ಇದನ್ನು ಹಗುರ ಮಾಡಬಾರದು. 10400 ಬೂಸ್ಟ್‌ನಲ್ಲಿ 134 ವ್ಯಾಟ್ ತನಕ ಹೋಗಬಹುದು. 170 ಸೇರಿಸಿ, ಉಳಿದದ್ದಕ್ಕೆ 50. ಒಟ್ಟು 354. ಒಳ್ಳೆಯ 450 ತಡೆಯುತ್ತದೆ, ಆದರೆ 600 ವಿಎ ಯುಪಿಎಸ್ ಅಂಚಿಗೆ ಬಂತು, ಮಾನಿಟರ್ ಸೇರಿದರೆ ದಾಟಿತು. ಕಾರ್ಡಿನ ಪವರ್ ಲಿಮಿಟ್ ಸ್ವಲ್ಪ ಇಳಿಸಿ ಓಡಿಸಬಹುದು, ವೇಗ ಅಷ್ಟೇನೂ ಬೀಳುವುದಿಲ್ಲ. ಉಳಿದ ಹಣದಲ್ಲಿ 1 ಕೆವಿಎ ಯುಪಿಎಸ್ ತಗೊಳ್ಳಿ ಅಂತ ನನ್ನ ಸಲಹೆ.

ಕರೆಂಟ್ ಖರ್ಚಿನ ವ್ಯತ್ಯಾಸ 55 ವ್ಯಾಟ್. ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ 8 ಯೂನಿಟ್ ಚಿಲ್ಲರೆ.

ಚೌಕಿಮನೆ · ಆದಿತ್ಯವಾರ, ರಾತ್ರಿ 8:35

ಬಿಜೈಗೆ ಹೋಗಿ ಬಂದೆ. ಎಲ್ಲ ಹೇಳುತ್ತೇನೆ.

ಕಾರ್ಡು 12 ಜಿಬಿಯದ್ದೇ. 192 ಬಿಟ್, 360. ಅವರು ಮನೆಯ ಪ್ಲಾನ್ ಡ್ರಾಯಿಂಗ್ ಕೆಲಸಕ್ಕೆ ಬಳಸಿದ್ದಂತೆ, 2021ರ ಬಿಲ್ ಇಟ್ಟುಕೊಂಡಿದ್ದಾರೆ. ಟಾರ್ಚ್ ಹಿಡಿದು ನೋಡಿದೆ. ತಗಡಿನ ಮೂಲೆಯಲ್ಲಿ ಸ್ವಲ್ಪ ತುಕ್ಕು ಉಂಟು, ತಾಮ್ರ ಚೊಕ್ಕ ಇದೆ. 20 ನಿಮಿಷ ಲೋಡ್ ಹಾಕಿದೆವು. ಕ್ಲಾಕ್ 1800ರ ಮೇಲೆಯೇ ನಿಂತಿತು. ಒಂದು ಫ್ಯಾನ್ ಮಾತ್ರ ಶುರುವಿನಲ್ಲಿ ಕಿರ್ ಅನ್ನುತ್ತದೆ.

ಮತ್ತೆ ನನ್ನ ಕ್ಲಿಪ್ ಹಾಕಿದೆ. ಬೆಳಗಿನ ಜಾವದ ಯುದ್ಧದ ಸನ್ನಿವೇಶ, ಎರಡು ಕ್ಯಾಮೆರಾ, ನಾಯ್ಸ್ ರಿಡಕ್ಷನ್ ಎರಡಕ್ಕೂ. ಮೆಮೊರಿ ಏರುತ್ತಾ ಹೋಯಿತು. 7 ದಾಟಿತು, 8 ದಾಟಿತು, 9 ದಾಟಿ ಅಲ್ಲಿ ನಿಂತಿತು. ರೆಂಡರ್ ಪೂರ್ತಿ ಆಯಿತು. ಚೆಂಡೆಯವರ ಹಿಂದಿನ ಕಪ್ಪು ಪರದೆ ಕಪ್ಪಾಗಿಯೇ ಬಂತು, ಇರುವೆ ಇಲ್ಲ. ಬಹಳ ಖುಷಿಯಾಯಿತು.

ಫ್ಯಾನ್ ಸದ್ದು ಹೇಳಿದೆ, 15ಕ್ಕೆ ಕೊಟ್ಟರು. ತಂದೆ.

ಮದುವೆ ಕ್ಯಾಮೆರಾ · ರಾತ್ರಿ 8:41

8 ದಾಟಿತು ಅಂದಿರಲ್ಲ, ನನ್ನ ರೆಂಡರ್ ನಿಂತದ್ದು ಅಲ್ಲಿಯೇ. ಒಳ್ಳೆಯ ಕೆಲಸ ಮಾಡಿದಿರಿ.

ಪಣಂಬೂರು ಪವರ್ · ರಾತ್ರಿ 8:50

ಇವರ ಕೆಲಸಕ್ಕೆ 3060 ಸರಿ, ಒಪ್ಪಿದೆ. ತಮ್ಮನಿಗೆ ಏನು ಹೇಳಿದಿರಿ?

ಚೌಕಿಮನೆ · ರಾತ್ರಿ 8:58

1050 ಟಿಐಯಿಂದ ಬಂದವನಿಗೆ ಇದೇ ದೊಡ್ಡದು ಅಣ್ಣ. ಈಗ ಕುರ್ಚಿ ಬಿಟ್ಟು ಏಳುತ್ತಿಲ್ಲ. ನನ್ನ ಎಡಿಟಿಂಗ್ ಅವನು ಮಲಗಿದ ಮೇಲೆ ಶುರು.

ಮಲ್ಪೆಗಾಳಿ · ರಾತ್ರಿ 9:10

ತುಕ್ಕಿನ ಜಾಗಕ್ಕೆ ನೀರು ತಾಗಿಸಬೇಡಿ. ತಗಡು ಬಿಚ್ಚಿ ತೆಗೆದು ಒಣ ಬಟ್ಟೆಯಲ್ಲಿ ಉಜ್ಜಿ. ಸಿಪಿಯು ಕ್ಯಾಬಿನೆಟ್ಟನ್ನು ಕಿಟಕಿಯ ಹತ್ತಿರ ಇಡಬೇಡಿ, ಈ ಗಾಳಿಗೆ ಎರಚಲು ಒಳಗೆ ಬರುತ್ತದೆ. ಬಳಸದ ದಿನವೂ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ತೇವ ಹೋಗುತ್ತದೆ.

ಚೌಕಿಮನೆ · ರಾತ್ರಿ 9:16

ಕಿಟಕಿಯ ಹತ್ತಿರವೇ ಇತ್ತು, ಈಗಲೇ ಸರಿಸಿದೆ. ಮೊದಲ ಆಟ ಮುಗಿದ ಕೂಡಲೇ ಲಿಂಕ್ ಇಲ್ಲೇ ಹಾಕುತ್ತೇನೆ.